ಇಡ್ಲಿ ಸ್ಟೀಮರಿನ ಬೆಸುಗೆಯಲ್ಲಿ ತೂತು

ತುಕ್ಕಿನ ಮೇಲೆ ಕೆಲಸ ಮಾಡುವ ನಮ್ಮ ಪ್ರಯೋಗಾಲಯಕ್ಕೆ ಬರುವ ಲೋಹವೆಲ್ಲ ಸಾಮಾನ್ಯವಾಗಿ ಕಾರ್ಖಾನೆಗಳದ್ದು. ಒಡೆದ ಪೈಪು, ಸವೆದ ಪಂಪಿನ ಭಾಗ, ಸೋರುವ ಕೊಳವೆ. ಮುಂಬೈಯ ಮಾಟುಂಗಾದಲ್ಲಿ ಇದ್ದುಕೊಂಡು ಉಡುಪಿ ಹೋಟೆಲಿನ ಪಾತ್ರೆ ಇಷ್ಟು ತಡವಾಗಿ ಬಂದದ್ದೇ ಆಶ್ಚರ್ಯ. ನಾನು ದಿನವೂ ಕಾಫಿ ಕುಡಿಯುವ ಹೋಟೆಲಿನ ಯಜಮಾನರು ಒಂದು ಬೆಳಿಗ್ಗೆ ಗಲ್ಲಾ ಬಿಟ್ಟು ಎದ್ದು ಬಂದು, ಇಡ್ಲಿ ಸ್ಟೀಮರಿನ ಕೆಳಗಿನ ನೀರಿನ ತೊಟ್ಟಿ ತೋರಿಸಿದರು. ಬೆಸುಗೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತುಗಳು, ಸುತ್ತ ಕೆಂಪು ಕಲೆ.

“ಸ್ಟೀಲ್ ಎಂದು ಹೇಳಿ ತಗಡು ಕೊಟ್ಟಿದ್ದಾನೆ ಮಾರಾಯರೇ. ನಾನು ಆಯಸ್ಕಾಂತ ಹಿಡಿದು ನೋಡಿಯೇ ತೆಗೆದುಕೊಂಡದ್ದು!”

ಈ ಆಯಸ್ಕಾಂತದ ಪರೀಕ್ಷೆಯ ಮೇಲೆ ನಮ್ಮ ಜನರಿಗೆ ಇರುವ ಭರವಸೆ ದೊಡ್ಡದು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅಗ್ಗದ 200 ಸರಣಿಯಲ್ಲಿ ನಿಕ್ಕಲಿನ ಬಹುಪಾಲು ಜಾಗವನ್ನು ಮ್ಯಾಂಗನೀಸ್ ತುಂಬುತ್ತದೆ. ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಲೆಕ್ಕ ಅಂಗಡಿಯವನಿಗೆ ಅನುಕೂಲ, ಕೊಳ್ಳುವವನಿಗಲ್ಲ. ಎಕ್ಸ್‌-ರೇ ಗನ್ ಹಿಡಿದರೆ ಲೋಹದಲ್ಲಿ ಏನೇನು ಎಷ್ಟಿದೆ ಎಂದು ಅರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಹಿಡಿದೆ. ಅಪ್ಪಟ 304. ಯಜಮಾನರಿಗೆ ಇದು ಸಮಾಧಾನವನ್ನೇನೂ ಕೊಡಲಿಲ್ಲ. ಜಗಳಕ್ಕೆ ಸಿಗಬೇಕಾದ ಮನುಷ್ಯ ಕೈತಪ್ಪಿದನಲ್ಲ!

ಇನ್ನು ನನ್ನ ಕೆಲಸ. ನಮ್ಮ ವಿದ್ಯೆಯಲ್ಲಿ ಎಲ್ಲರೂ ಮೊದಲು ಮಾಡುವುದು ಮಾದರಿಯನ್ನು ಎಮೆರಿ ಕಾಗದದಲ್ಲಿ ಉಜ್ಜಿ ಕನ್ನಡಿಯ ಹತ್ತಿರಕ್ಕೆ ತರುವುದು. ಅದಕ್ಕೆ ಕಾರಣವೂ ಇದೆ, ಇಲ್ಲದಿದ್ದರೆ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರದರ ಜೊತೆ ಹೋಲಿಸಲಾಗದು. ಆದರೆ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದು ಆ ಉಜ್ಜಿದ ಲೋಹವಲ್ಲ. ಆಮ್ಲಕ್ಕೆ ಬೇವಿನೆಲೆಯ ರಸ ಹಾಕಿದರೆ ಅದರಲ್ಲಿ ಉಕ್ಕಿನ ಸವೆತ ಶೇ. 90ರಷ್ಟು ತಗ್ಗುತ್ತದೆ ಎನ್ನುವ ಬಗೆಯ ಎಷ್ಟೋ ಪ್ರಬಂಧಗಳು ಉಜ್ಜಿದ ತುಂಡು, ಹೊಸ ಆಮ್ಲ, ಕೆಲವೇ ಗಂಟೆಗಳ ಪರೀಕ್ಷೆ ಇವುಗಳ ಮೇಲೆ ನಿಂತಿವೆ. ನನಗೆ ಅವುಗಳ ಮೇಲೆ ಅಷ್ಟಕ್ಕಷ್ಟೇ.

ಹಾಗಾಗಿ ಎರಡು ಮಾದರಿ ಮಾಡಿದೆ. ಬೆಸುಗೆಯಿಂದ ದೂರದ ಹಾಳೆಯಿಂದ ಒಂದು ತುಂಡು, 1200ರ ಎಮೆರಿಯವರೆಗೆ ಉಜ್ಜಿದ್ದು. ಬೆಸುಗೆಯ ಪಕ್ಕದ ಇನ್ನೊಂದು ತುಂಡು, ಇದ್ದಂತೆಯೇ. ಜಿಡ್ಡು ಹೋಗಲು ಅಸಿಟೋನಿನಲ್ಲಿ ತೊಳೆದದ್ದು ಬಿಟ್ಟರೆ ಮುಟ್ಟಲಿಲ್ಲ. ಎರಡನ್ನೂ ಕೈಗರಗಸದಲ್ಲೇ ಕೊಯ್ದೆ, ಲೋಹ ಕೊಯ್ಯುವ ಗ್ರೈಂಡರಿನ ಶಾಖ ನಾವು ಹುಡುಕುವ ಸಾಕ್ಷ್ಯವನ್ನೇ ಕೆಡಿಸುತ್ತದೆ. ಅಂಚಿಗೆಲ್ಲ ಲ್ಯಾಕರ್ ಬಳಿದೆ. ಅಂಚಿನ ಸಂದಿಯಲ್ಲಿ ದ್ರಾವಣ ನುಗ್ಗಿದರೆ ಅಲ್ಲೇ ಕೊರೆತ ಶುರುವಾಗಿ, ಯಂತ್ರ ಅದನ್ನೇ ಮೇಲ್ಮೈಯ ಗುಣವೆಂದು ಬರೆದುಕೊಡುತ್ತದೆ.

ತೊಟ್ಟಿಯ ತಳದಲ್ಲಿ ಉಳಿದಿದ್ದ ನೀರನ್ನೇ ಬೀಕರಿಗೆ ಸುರಿದು ಬಿಸಿ ಮಾಡಿದೆ. ಲೋಹದ ವಿಭವವನ್ನು, ಅಂದರೆ ವೋಲ್ಟೇಜನ್ನು, ಅಳೆಯಲು ಹೋಲಿಕೆಗೆ ಇಡುವ ಕ್ಯಾಲೊಮೆಲ್ ಎಲೆಕ್ಟ್ರೋಡಿಗೆ ಬಿಸಿ ಆಗದು, ಅದನ್ನು ಉಪ್ಪಿನ ಸೇತುವೆಯ (ಉಪ್ಪಿನ ದ್ರಾವಣ ತುಂಬಿದ ಕೊಳವೆ) ಮೂಲಕ ಹೊರಗಿನ ತಣ್ಣನೆಯ ಪಾತ್ರೆಯಲ್ಲಿ ಇಟ್ಟೆ. ಒಂದು ಗಂಟೆ ಸುಮ್ಮನೆ ಬಿಟ್ಟು ವಿಭವ ನೆಲೆ ನಿಂತ ಮೇಲೆ ಪೊಟೆನ್ಶಿಯೋಸ್ಟಾಟ್ ಚಾಲೂ. ವಿಭವವನ್ನು ಮೆಲ್ಲಗೆ ಏರಿಸುತ್ತಾ, ಹರಿಯುವ ವಿದ್ಯುತ್ತನ್ನು ರೇಖೆಯಾಗಿ ಬರೆಯುವ ಯಂತ್ರ ಅದು. ಸೆಕೆಂಡಿಗೆ 0.167 ಮಿಲಿವೋಲ್ಟ್ ವೇಗ, ಅಂದರೆ ಒಂದು ವೋಲ್ಟ್ ಏರಲು ನೂರು ನಿಮಿಷ. ಇಲ್ಲಿ ಆತುರಪಟ್ಟವರಿಗೆ ಲೋಹ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ.

ಉಜ್ಜಿದ ತುಂಡಿನ ರೇಖೆ ಬಹಳ ದೂರ ಮಟ್ಟಸವಾಗಿ ಸಾಗಿ, ಆಮೇಲೆ ನೆಗೆಯಿತು. ಬೆಸುಗೆಯ ತುಂಡಿನಲ್ಲಿ ವಿದ್ಯುತ್ ಮೊದಲಿನಿಂದಲೇ ಚಿಮ್ಮುತ್ತಿತ್ತು: ಸಣ್ಣ ಮುಳ್ಳು, ಇಳಿತ, ಮತ್ತೆ ಮುಳ್ಳು. ಕುಳಿಯೊಂದು ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುವ ಗುರುತು ಅದು. ಸ್ವಲ್ಪ ಹೊತ್ತಿಗೆ ಮುಚ್ಚಿಕೊಳ್ಳಲಾಗದ ಕುಳಿ ಹುಟ್ಟಿ ರೇಖೆ ನೇರ ಮೇಲೇರಿತು. ವಿಭವವನ್ನು ಹಿಂದಕ್ಕೆ ಇಳಿಸಿದರೂ ವಿದ್ಯುತ್ ಇಳಿಯಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಬೆಸುಗೆಯ ಏಣು ಚೆನ್ನಾಗಿಯೇ ಇತ್ತು. ಕುಳಿಗಳೆಲ್ಲ ಅದರ ಪಕ್ಕದ ನೀಲಿ-ಕಂದು ಪಟ್ಟಿಯಲ್ಲಿ. ಬಾಯಿ ಕಿರಿದು, ಒಳಗೆ ಇಲಿಯ ಬಿಲದಂತೆ ಅಗಲ. ಬೆಸುಗೆ ಹಾಕುವಾಗ ಗಾಳಿ ತಗುಲಿ ಕಾದ ಜಾಗದಲ್ಲಿ ದಪ್ಪ ಬಣ್ಣದ ಆಕ್ಸೈಡ್ ಕಟ್ಟುತ್ತದೆ. ಅದು ಕೆಳಗಿನ ಲೋಹದ ಕ್ರೋಮಿಯಮನ್ನು ಹೀರಿಕೊಂಡೇ ಬೆಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲನ್ನು ಕಾಪಾಡುವುದು ಕ್ರೋಮಿಯಂ ಆಕ್ಸೈಡಿನ ಕೆಲವೇ ನ್ಯಾನೋಮೀಟರಿನ ಪೊರೆ. ತಳದಲ್ಲಿ ಕ್ರೋಮಿಯಂ ಬರಿದಾದರೆ ಪೊರೆ ದುರ್ಬಲವಾಗುತ್ತದೆ, ಉಪ್ಪಿನಲ್ಲಿರುವ ಕ್ಲೋರೈಡ್ ಅಲ್ಲಿಗೇ ಬಾಯಿ ಹಾಕುತ್ತದೆ. ಒಮ್ಮೆ ಕುಳಿ ಬಿದ್ದರೆ ಒಳಗೆ ಕರಗಿದ ಲೋಹ ನೀರಿನೊಡನೆ ಸೇರಿ ಆಮ್ಲ ಹುಟ್ಟಿಸುತ್ತದೆ, ಆ ಆಮ್ಲ ಇನ್ನಷ್ಟು ಲೋಹವನ್ನು ಕರಗಿಸುತ್ತದೆ.

ಕ್ಲೋರೈಡ್ ಬಂದದ್ದು ಎಲ್ಲಿಂದ? ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳಿಂದ ಬರುವ ನಲ್ಲಿ ನೀರಿನಲ್ಲಿ ಅದು ಕಡಿಮೆ. ಕೇಳುತ್ತಾ ಹೋದಾಗ ಎರಡು ಸಂಗತಿ ಹೊರಬಿದ್ದವು. ತೊಟ್ಟಿಯ ನೀರನ್ನು ಚೆಲ್ಲುತ್ತಿರಲಿಲ್ಲ, ಕುದಿದು ಇಂಗಿದಷ್ಟನ್ನು ಮೇಲಿನಿಂದ ತುಂಬುತ್ತಿದ್ದರು. ಆವಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಜೊತೆಗೆ ಸೋರಿದ ಹಿಟ್ಟಿನ ಉಪ್ಪು ಬೇರೆ. ಎರಡನೆಯದು ಇನ್ನೂ ಕೆಟ್ಟದ್ದು. ರಾತ್ರಿ ಹುಡುಗರು ನೆಲಕ್ಕೆ ಹಾಕುವ ಬ್ಲೀಚನ್ನೇ ತೊಟ್ಟಿಗೂ ಸುರಿದು ಬೆಳಗಿನವರೆಗೆ ಬಿಡುತ್ತಿದ್ದರು. ಅದರಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಕ್ಲೋರೈಡನ್ನೂ ಕೊಡುತ್ತದೆ, ಸ್ಟೀಲಿನ ವಿಭವವನ್ನೂ ಕುಳಿ ಬೀಳುವ ಮಟ್ಟಕ್ಕೆ ಎತ್ತುತ್ತದೆ.

ಯಜಮಾನರು ಆಗಲೇ 316 ದರ್ಜೆಯ ಹಾಳೆಯ ಬೆಲೆ ವಿಚಾರಿಸಿದ್ದರು. ಅದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇದೆ, ಕುಳಿಯನ್ನು ಚೆನ್ನಾಗಿ ತಡೆಯುತ್ತದೆ. ಆದರೂ ಬೇಡ ಎಂದೆ. ಇದೇ ನೀಲಿ ಪಟ್ಟಿ, ಇದೇ ಬ್ಲೀಚ್ ಇದ್ದರೆ ಅದಕ್ಕೂ ತೂತು ಬೀಳುವುದು ಖಂಡಿತ. 304ರಲ್ಲೇ ಮಾಡಿಸಿ, ಗಾಳಿ ತಗುಲದಂತೆ ಬೆಸುಗೆಯ ಹಿಂಬದಿಗೆ ಆರ್ಗಾನ್ ಅನಿಲ ಬಿಡಿಸಿ, ಬಣ್ಣ ಕಟ್ಟಿದ ಜಾಗವನ್ನು ಕಾರ್ಖಾನೆಯಲ್ಲೇ ಆಮ್ಲದ ಪೇಸ್ಟಿನಿಂದ ತೆಗೆಸಿ ಎಂದೆ. ಆ ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ, ಚರ್ಮದೊಳಗಿಳಿದು ಮೂಳೆಯನ್ನೂ ಬಿಡುವುದಿಲ್ಲ. ಅಡುಗೆಮನೆಯ ಹತ್ತಿರ ಅದು ಸುಳಿಯಬಾರದು. ನೀರನ್ನು ದಿನವೂ ಬದಲಿಸುವುದಕ್ಕೆ ಅವರು ಒಪ್ಪಿದರು.

“ಬ್ಲೀಚ್ ಹಾಕಬೇಡಿ ಎಂದರೆ ಹುಡುಗರು ಕೇಳುತ್ತಾರೆಯೇ ಶೆಟ್ಟರೇ?” ಎಂದು ಕೇಳಿದೆ.

“ಕೇಳುವುದಿಲ್ಲ. ಅದಕ್ಕೇ ಡಬ್ಬವನ್ನು ಗಲ್ಲಾದ ಕೆಳಗೆ ಇಟ್ಟುಕೊಳ್ಳುತ್ತೇನೆ. ಬೇಕಾದವರು ನನ್ನನ್ನು ಕೇಳಿಯೇ ತೆಗೆದುಕೊಳ್ಳಲಿ.”