ಅಗಲದ ಟೈರ್ ಹಾಕಿಸುವ ಮುನ್ನ ಈ ಲೆಕ್ಕ ಮಾಡಿ

ಸ್ಪೋರ್ಟಿ ಕಾರಿನ ಮೊದಲ ಟೈರ್‌ಗಳು ಸವೆಯುವ ಹೊತ್ತಿಗೆ ಬಹಳ ಜನರಿಗೆ ಒಂದು ಆಸೆ ಹುಟ್ಟುತ್ತದೆ: ಈ ಸಲ ಸ್ವಲ್ಪ ಅಗಲದ್ದು ಹಾಕಿಸೋಣ. ಆಸೆ ತಪ್ಪಲ್ಲ. ಆದರೆ ಬೆಳಗಾವಿಯ ಮಳೆಯಲ್ಲಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಕಾರಿಗೆ ಅಂದಕ್ಕಿಂತ ಅಳತೆ ಮುಖ್ಯ.

ಮೊದಲು ಡ್ರೈವರ್ ಬಾಗಿಲು ತೆರೆದು ಅಲ್ಲಿರುವ ಸ್ಟಿಕರ್ ನೋಡಿ, ಇಲ್ಲವೇ ಕಾರಿನ ಕೈಪಿಡಿ ತೆಗೆಯಿರಿ. ಕಂಪನಿ ಒಪ್ಪಿದ ಸೈಜ್ ಅಲ್ಲಿರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಈಗಿರುವ ಟೈರನ್ನೇ ನಂಬಬೇಡಿ. ಹಿಂದಿನವರು ಬದಲಿಸಿರಬಹುದು, ಅಲ್ವಾ?

ಹ್ಯುಂಡೈ ಐ20 ಎನ್ ಲೈನ್ ಕಾರಿನ 195/55 ಆರ್16 ಸೈಜನ್ನೇ ತೆಗೆದುಕೊಳ್ಳಿ. 195 ಎಂದರೆ ಅಗಲ, ಮಿಲಿಮೀಟರಿನಲ್ಲಿ. ಸೈಡ್‌ವಾಲ್, ಅಂದರೆ ರಿಮ್‌ನಿಂದ ನೆಲದವರೆಗಿನ ರಬ್ಬರಿನ ಪಕ್ಕದ ಗೋಡೆ; ಅದರ ಎತ್ತರ ಆ ಅಗಲದ ಶೇ 55ರಷ್ಟು, ಅಂದರೆ ಸುಮಾರು 107 ಮಿ.ಮೀ. ಮೇಲೆ ಕೆಳಗೆ ಎರಡೂ ಸೇರಿ 214.5. ಇದಕ್ಕೆ 16 ಇಂಚಿನ ರಿಮ್, ಅಂದರೆ 406.4 ಮಿ.ಮೀ. ಕೂಡಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 621. ಎಲ್ಲ ಹೋಲಿಕೆಯೂ ಈ ಅಂಕಿಯ ಮೇಲೆಯೇ ನಿಲ್ಲಬೇಕು.

ಈಗ ಬೇರೆ ಸೈಜುಗಳನ್ನು ಹೀಗೇ ಲೆಕ್ಕ ಹಾಕಿ. 205/55 ಆರ್16 ಸುಮಾರು 632 ಬರುತ್ತದೆ, ಶೇ 1.8 ಜಾಸ್ತಿ. ಅದೇ ವೇಗದಲ್ಲಿ ಸ್ಪೀಡೋಮೀಟರ್ ಮೊದಲಿಗಿಂತ ಸುಮಾರು ಅಷ್ಟು ಕಡಿಮೆ ತೋರಿಸತೊಡಗುತ್ತದೆ. 205/50 ಆರ್16 ಸುಮಾರು 611, ಕಾರು 5 ಮಿ.ಮೀ. ತಗ್ಗುತ್ತದೆ. 215/55 ಆರ್16 ಹಾಕಿದರೆ ಶೇ 3.5 ಹೆಚ್ಚು. ಅದು ಬೇಡವೇ ಬೇಡ. ಶೇ 2ರೊಳಗೆ ಇದ್ದರೆ ಒಳ್ಳೆಯದು.

17 ಇಂಚಿನ ರಿಮ್ ಹಾಕಿ 205/45 ಮಾಡಿದರೆ ಎತ್ತರ ಸರಿಹೊಂದುತ್ತದೆ, ನೋಡಲೂ ಚೆಂದ. ಆದರೆ ಸೈಡ್‌ವಾಲ್ 92 ಮಿ.ಮೀ.ಗೆ ಇಳಿಯುತ್ತದೆ. ಮಳೆಗಾಲದ ತಗ್ಗು ಗುಂಡಿಗೆ ಬಿದ್ದಾಗ ಟೈರ್ ಉಬ್ಬುವುದು, ರಿಮ್ ಬಾಗುವುದು ಇಂಥ ಕಡೆಯೇ. ನಮ್ಮ ರಸ್ತೆಗಳಿಗೆ 16 ಇಂಚೇ ವಾಸಿ ಎಂಬುದು ನನ್ನ ಮಾತು. ಇನ್ನೊಂದು ವಿಷಯ: ಟೈರ್ ಅಗಲವಾದಷ್ಟೂ ನಿಂತ ನೀರಿನ ಮೇಲೆ ತೇಲುವ ಅಪಾಯ ಹೆಚ್ಚು.

ಸೈಜಿನ ಪಕ್ಕದ ಅಂಕಿಯನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ. 87 ಎಂದಿದ್ದರೆ ಒಂದು ಟೈರ್ ಹೊರಬಲ್ಲ ಭಾರ 545 ಕಿಲೋ. 84 ಆದರೆ 500 ಮಾತ್ರ. ಪಕ್ಕದ ಅಕ್ಷರ ವೇಗದ್ದು: ಎಚ್ ಎಂದರೆ ಗಂಟೆಗೆ 210 ಕಿ.ಮೀ., ವಿ ಎಂದರೆ 240. ಎರಡೂ ಕಂಪನಿ ಹೇಳಿದ್ದಕ್ಕಿಂತ ಕೆಳಗಿಳಿಯಬಾರದು. ಅದೇ 205/45 ಆರ್17ರಲ್ಲಿ 84ರದ್ದೂ ಸಿಗುತ್ತದೆ, ಗಟ್ಟಿಯಾದ 88ರದ್ದೂ ಸಿಗುತ್ತದೆ. ಕೇಳಿ ತೆಗೆದುಕೊಳ್ಳಿ.

ಅಂಗಡಿಯಲ್ಲಿ ತಯಾರಿಕೆ ದಿನಾಂಕ ನೋಡಿ. ಸೈಡ್‌ವಾಲ್ ಮೇಲಿನ 2324 ಎಂದರೆ 2024ರ 23ನೇ ವಾರ. ರಿಮ್ ಅಗಲ ಹೊಸ ಟೈರಿಗೆ ಹೊಂದುತ್ತದೆಯೇ ಎಂದೂ ಕೇಳಿ. ಎರಡೇ ಟೈರ್ ಬದಲಿಸುವುದಾದರೆ ಸೈಜ್ ಬದಲಿಸಬೇಡಿ, ಹೊಸದನ್ನು ಹಿಂದಿನ ಗಾಲಿಗಳಿಗೆ ಹಾಕಿಸಿ. ಸೈಜ್ ಬದಲಿಸಿದ್ದರೆ ವಿಮಾ ಕಂಪನಿಗೆ ತಿಳಿಸಿ.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಆದ ಮೇಲೆ ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನಿಧಾನ ಓಡಿಸಿ. ಎಲ್ಲಾದರೂ ಉಜ್ಜಿದ ಸದ್ದು ಬಂದರೆ ಅಲ್ಲೇ ಬಿಚ್ಚಿಸಿ. ಓಡಿಸಿದ ಟೈರನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.