ಅಹಿಂಸೆಗೆ ಒಂಬತ್ತು ಮನೆಯ ಲೆಕ್ಕ

ಯೋಗದ ಯಮ-ನಿಯಮಗಳೆಂಬ ಹತ್ತು ಕಟ್ಟುಪಾಡುಗಳನ್ನೂ ಒಟ್ಟಿಗೆ ಹಿಡಿಯಲು ಹೋದರೆ ವಾರದೊಳಗೆ ಹತ್ತೂ ಕೈಬಿಡುತ್ತವೆ. ನಾನು ಅನುಸರಿಸುವ ಕ್ರಮದಲ್ಲಿ ಒಂದು ಮಂಡಲಕ್ಕೆ, ಅಂದರೆ 48 ದಿನಕ್ಕೆ, ಒಂದೇ ವ್ರತ. ಮೊದಲು ಅಹಿಂಸೆ. ಮಿಕ್ಕ ಯಮ-ನಿಯಮಗಳಿಗೆಲ್ಲ ಅದೇ ಬೇರು ಎನ್ನುತ್ತದೆ ಪತಂಜಲಿಯ ಯೋಗಸೂತ್ರದ ವ್ಯಾಖ್ಯಾನವಾದ ವ್ಯಾಸಭಾಷ್ಯ.

ಬೇಕಾದದ್ದು ಒಂದು ನೋಟ್‌ಬುಕ್, ಮಲಗುವ ಮುಂಚೆ 10 ನಿಮಿಷ. ಪುಟದಲ್ಲಿ ಅಡ್ಡಕ್ಕೆ ಮೂರು ಸಾಲು: ಕೃತ, ಕಾರಿತ, ಅನುಮೋದಿತ, ಅಂದರೆ ತಾನೇ ಮಾಡಿದ್ದು, ಮಾಡಿಸಿದ್ದು, ಕಂಡು ಒಪ್ಪಿದ್ದು. ಉದ್ದಕ್ಕೆ ಮೂರು ಕಂಬ: ಲೋಭ, ಕ್ರೋಧ, ಮೋಹ. ಅಂದು ನಡೆದ ಹಿಂಸೆಗೆ ಆಯಾ ಮನೆಯಲ್ಲಿ ಒಂದು ಅಂಕಿ ಹಾಕಬೇಕು: ಮೃದುವಿಗೆ 1, ಮಧ್ಯಕ್ಕೆ 2, ಅಧಿಮಾತ್ರಕ್ಕೆ, ಅಂದರೆ ತೀವ್ರವಾದದ್ದಕ್ಕೆ, 3. ಗೆರೆ ಎಳೆದದ್ದಷ್ಟೇ ನನ್ನದು, ವಿಂಗಡಣೆ ಯೋಗಸೂತ್ರದ ಸಾಧನಪಾದದ 34ನೇ ಸೂತ್ರದ್ದು. ಮೂರು ಮೂರಲ, ಮತ್ತೆ ಮೂರಲ, 27 ಬಗೆ. ಅಂಕಿ ಬಿಟ್ಟು ಏನನ್ನೂ ಬರೆಯಬಾರದು. ವಿವರಕ್ಕೆ ಇಳಿದರೆ ಸಮರ್ಥನೆ ಶುರುವಾಗುತ್ತದೆ.

ಮೊದಲ ವಾರ ಅಂಕಿಗಳೆಲ್ಲ ಕೃತ-ಕ್ರೋಧದ ಮನೆಗೇ ಬೀಳುತ್ತವೆ, ಮೋಹದ ಕಂಬ ಖಾಲಿ. ಅದು ಖಾಲಿ ಎಂದರೆ ಲೆಕ್ಕ ತಪ್ಪಿದೆ ಎಂದೇ. ‘ಇದರಿಂದ ನನಗೆ ಧರ್ಮ ಸಿಗುತ್ತದೆ’ ಎಂದುಕೊಂಡು ಮಾಡುವ ಹಿಂಸೆಯನ್ನು ಭಾಷ್ಯ ಮೋಹಕ್ಕೆ ಸೇರಿಸುತ್ತದೆ. ‘ನಿನ್ನ ಒಳ್ಳೇದಕ್ಕೇ ಹೇಳ್ತಿರೋದು’ ಎಂದು ಮಗುವನ್ನು ಗದರಿದ್ದೂ ಇಲ್ಲಿಗೇ ಬರಬೇಕು. ಅನುಮೋದಿತದ ಸಾಲನ್ನು ತುಂಬಿಸುವುದು ಫೋನು: ಯಾರನ್ನೋ ಹೀಯಾಳಿಸಿದ ವಿಡಿಯೊಗೆ ಒತ್ತಿದ ಒಂದು ಲೈಕ್ ಸಾಕು.

3 ಬಿದ್ದ ಮನೆಗೆ ಮರುದಿನ ಬೆಳಿಗ್ಗೆ, ಪ್ರಾಣಾಯಾಮಕ್ಕೆ ಮುಂಚೆ, ಪ್ರತಿಪಕ್ಷಭಾವನೆ, ಅಂದರೆ ಕೆಟ್ಟ ಯೋಚನೆಗೆ ಎದುರಾದದ್ದನ್ನು ನೆನೆಯುವುದು. ಕೋಪ ಬಂದರೆ ಪ್ರೀತಿಯನ್ನು ನೆನೆ ಎಂದು ಇದನ್ನು ಕಲಿಸುವವರಿದ್ದಾರೆ. ಕಾದ ತಲೆಗೆ ಅದು ಹತ್ತುವುದಿಲ್ಲ. ನೆನೆಯಬೇಕಾದದ್ದನ್ನು ಸೂತ್ರವೇ ಹೇಳಿದೆ: ದುಃಖ ಮತ್ತು ಅಜ್ಞಾನ, ಕೊನೆಯಿಲ್ಲದ ಎರಡು ಫಲ. ಇದರಿಂದ ಯಾರಿಗೆ ಏನು ನೋವಾಯಿತು, ಆ ಹೊತ್ತಿಗೆ ನನಗೆ ಏನು ಕಾಣದೇ ಹೋಯಿತು, ಈ ಎರಡೇ ಪ್ರಶ್ನೆ. ಬಿಟ್ಟದ್ದನ್ನೇ ಮತ್ತೆ ಹಿಡಿಯುವವನನ್ನು ಭಾಷ್ಯ ಕಕ್ಕಿದ್ದನ್ನು ನೆಕ್ಕುವ ನಾಯಿಗೆ ಹೋಲಿಸುತ್ತದೆ. ಸಭ್ಯ ಹೋಲಿಕೆಯಲ್ಲ, ಆದರೆ ಸಿಟ್ಟಿನ ಹೊತ್ತಿಗೆ ನೆನಪಾಗುವುದು ಅದೇ.

ಸುಮಾರು 20ನೇ ದಿನಕ್ಕೆ ವಿನಾಯಿತಿಗಳು ನುಸುಳತೊಡಗುತ್ತವೆ: ಮನೆಯಲ್ಲಿ ಪಾಲಿಸುತ್ತೇನೆ, ಆಫೀಸಿನಲ್ಲಿ ಆಗುವುದಿಲ್ಲ. ಮೀನನ್ನು ಮಾತ್ರ ಕೊಲ್ಲುತ್ತೇನೆ, ತೀರ್ಥದಲ್ಲಿ ಕೊಲ್ಲುವುದಿಲ್ಲ, ಚತುರ್ದಶಿಯಂದು ಕೊಲ್ಲುವುದಿಲ್ಲ ಎಂಬ ಉದಾಹರಣೆಗಳು 31ನೇ ಸೂತ್ರದ ಭಾಷ್ಯದಲ್ಲಿ ಆಗಲೇ ಇವೆ. ನಮ್ಮ ಸೋಮವಾರ-ಶನಿವಾರದ ಸಸ್ಯಾಹಾರವೂ ಇದೇ ಜಾತಿಯದು. ವ್ರತವೇನೋ ಹೌದು, ಜಾಗ, ಹೊತ್ತು ನೋಡದೆ ಪಾಲಿಸುವ ಮಹಾವ್ರತವಲ್ಲ. ವಿನಾಯಿತಿ ಕೊಟ್ಟುಕೊಂಡ ದಿನ ಅಂಕಿಯ ಪಕ್ಕ ಚುಕ್ಕೆ ಇಡುತ್ತೇನೆ. ಆ ದಿನವನ್ನು 48ರಲ್ಲಿ ಹಿಡಿಯುವುದಿಲ್ಲ.

ಎರಡನೇ ಮಂಡಲ ಸತ್ಯದ್ದು. ಅದಕ್ಕೆ ಜೊತೆಯಾಗಿ ಬೆಳಿಗ್ಗೆ ಒಂದು ಗಂಟೆ ಮೌನ. ಸನ್ನೆಯನ್ನೂ ಬಿಡುವುದು ಕಾಷ್ಠಮೌನ, ಮಾತನ್ನಷ್ಟೇ ಬಿಡುವುದು ಆಕಾರಮೌನ. ಶುರುವಿಗೆ ಎರಡನೆಯದೇ ಸಾಕು. ಆ ಒಂದು ಗಂಟೆಯಲ್ಲಿ ವಾಟ್ಸಾಪಿನಲ್ಲಿ ಟೈಪ್ ಮಾಡಿದರೂ ಮಾತಾಡಿದಂತೆಯೇ ಲೆಕ್ಕ.