ಹಳೇ ಲ್ಯಾಪ್‌ಟಾಪಲ್ಲಿ ಮನೆ ಫೋಟೋಗಳಿಗೆ ನಮ್ಮದೇ ಸರ್ವರ್

ಗೂಗಲ್ ಫೋಟೋಸ್‌ನ ಅನ್‌ಲಿಮಿಟೆಡ್ ಫ್ರೀ 2021ರ ಜೂನ್‌ಗೇ ಮುಗೀತು, ಈಗ ಮೇಲ್ ಡ್ರೈವ್ ಎಲ್ಲಾ ಸೇರಿ 15 ಜಿಬಿ, ದಸರಾ ವಿಡಿಯೋ ತುಂಬ್ಸಿದ್ರೆ ಬೇಗ ಖಾಲಿ. ನಾನು ಕುವೆಂಪುನಗರದ ಮನೇಲಿ ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪಿಗೆ ಇಮ್ಮಿಚ್ (ಗೂಗಲ್ ಫೋಟೋಸ್ ಥರದ್ದೇ, ಆದ್ರೆ ನಮ್ಮ ಕಂಪ್ಯೂಟರಲ್ಲೇ ಓಡೋ ಫ್ರೀ ಸಾಫ್ಟ್‌ವೇರ್) ಹಾಕಿದೀನಿ, ನೀವೂ ಹಾಕ್ಬೋದು.

8 ಜಿಬಿ ರ‍್ಯಾಮ್ ಇದ್ರೆ ಆರಾಮ. ಡೆಬಿಯನ್ (ವಿಂಡೋಸ್ ಬದಲು ಹಾಕೋ ಒಂದು ಲಿನಕ್ಸ್), ಅದರ ಮೇಲೆ ಡಾಕರ್ (ಇಂಥ ಸಾಫ್ಟ್‌ವೇರನ್ನ ಡಬ್ಬಿ ಸಮೇತ ಓಡಿಸೋ ಪ್ರೋಗ್ರಾಮ್), ಆಮೇಲೆ ಇಮ್ಮಿಚ್ ಸೈಟಿಂದ ಕಂಪೋಸ್ ಫೈಲು (ಏನೇನು ಓಡಿಸ್ಬೇಕು ಅಂತ ಡಾಕರಿಗೆ ಹೇಳೋದು) ಮತ್ತೆ ಎನ್ವ್ ಫೈಲು (.env, ನಮ್ಮ ಸೆಟ್ಟಿಂಗ್ ಬರೆಯೋದು) ಇಳಿಸ್ಕೊಳ್ಳಿ, ಎನ್ವ್ ಫೈಲಲ್ಲಿ ಅಪ್‌ಲೋಡ್ ಲೊಕೇಶನ್ ದೊಡ್ಡ ಡಿಸ್ಕಿಗೆ ತೋರ್ಸಿ ಪಾಸ್‌ವರ್ಡ್ ಬದಲಾಯ್ಸಿ ಸ್ಟಾರ್ಟ್ ಮಾಡಿ, ಬ್ರೌಸರಲ್ಲಿ ಲ್ಯಾಪ್‌ಟಾಪ್ ಐಪಿ (ಮನೆ ನೆಟ್‌ವರ್ಕಲ್ಲಿ ಅದರ ಅಡ್ರೆಸ್) ಜೊತೆ 2283 ಪೋರ್ಟ್ (ಆ ಅಡ್ರೆಸಲ್ಲಿ ಬಾಗಿಲ ನಂಬರ್ ಇದ್ದ ಹಾಗೆ) ಕೊಟ್ರೆ ತೆರ‍್ಕೊಳ್ಳುತ್ತೆ. ಮುಚ್ಚಳ ಮುಚ್ಚಿದ್ರೆ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಾಯ್ಸೋದು ಮರೀಬೇಡಿ. ಕರೆಂಟ್ ಹೋದ್ರೆ ಲ್ಯಾಪ್‌ಟಾಪ್ ಬ್ಯಾಟರಿನೇ ಯುಪಿಎಸ್ಸು, ರೂಟರಿಗೆ ಮಾತ್ರ ಒಂದು ಚಿಕ್ಕದು ಬೇಕು.

ಹೊರಗಿಂದ ನೋಡಕ್ಕೆ ರೂಟರಲ್ಲಿ ಪೋರ್ಟ್ ಓಪನ್ ಮಾಡ್ಲೇಬೇಡಿ. ಎಷ್ಟೋ ಫೈಬರ್ ಕನೆಕ್ಷನ್ನಲ್ಲಿ ಪಬ್ಲಿಕ್ ಐಪಿನೇ (ಹೊರಗಿನ ಇಂಟರ್ನೆಟ್ಟಿಂದ ಮನೆಗೆ ನೇರ ತಲುಪೋ ಅಡ್ರೆಸ್) ಸಿಗಲ್ಲ. ಟೇಲ್‌ಸ್ಕೇಲ್ (ನಮ್ಮ ಸಾಧನಗಳನ್ನ ಮಾತ್ರ ಖಾಸಗಿಯಾಗಿ ಜೋಡಿಸೋ ಆ್ಯಪ್) ಫೋನಿಗೂ ಲ್ಯಾಪ್‌ಟಾಪಿಗೂ ಹಾಕಿ ಒಂದೇ ಅಕೌಂಟಲ್ಲಿ ಲಾಗಿನ್ ಆದ್ರೆ ಸಾಕು, ಚಾಮುಂಡಿ ಬೆಟ್ಟದ ಮೆಟ್ಲಲ್ಲಿ ಕೂತು ತೆಗೆದ ಫೋಟೋ ಫೋನಿನ ಇಮ್ಮಿಚ್ ಆ್ಯಪ್ ಮೂಲಕ ಅಲ್ಲಿಂದ್ಲೇ ಮನೆ ಡಿಸ್ಕಿಗೆ ಹೋಗುತ್ತೆ.

ಈಗ ಮುಖ್ಯವಾದ್ದು ಬ್ಯಾಕಪ್. ಹೋದ ವರ್ಷ ನನ್ನ ಡಿಸ್ಕು ಟಿಕ್ ಟಿಕ್ ಅಂತ ಸದ್ದು ಮಾಡಿ ಎರಡೇ ದಿನಕ್ಕೆ ಸತ್ತೋಯ್ತು, ಅಜ್ಜಿ ರಾಗಿ ಬೀಸ್ತಾ ಹಾಡಿದ್ದ ವಿಡಿಯೋ ಉಳಿದಿದ್ದು ಇನ್ನೊಂದು ಡಿಸ್ಕಲ್ಲಿ ಕಾಪಿ ಇತ್ತು ಅಂತ. ಆ ಡಿಸ್ಕು ಮಂಡ್ಯದ ಅತ್ತೆ ಮನೆ ಬೀರುಲಿ ಇರುತ್ತೆ, ತಿಂಗಳಿಗೊಂದ್ಸಲ ಹೋದಾಗ ಫೋಟೋ ಫೋಲ್ಡರು, ಡೇಟಾಬೇಸ್ (ಆಲ್ಬಂ, ಹೆಸರು ಇತ್ಯಾದಿ ವಿವರ ಇಮ್ಮಿಚ್ ಇಟ್ಕೊಳ್ಳೋದು) ಬ್ಯಾಕಪ್ಪು ಎರಡೂ ಕಾಪಿ ಆಗಿರೋ ಇನ್ನೊಂದು ಡಿಸ್ಕ್ ಇಟ್ಟು ಹಳೇದನ್ನ ವಾಪಸ್ ತರ‍್ತೀನಿ.